ಬಳೆಚೂರಿನ ಊರು

ಚಂಡೀಗಢ ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ನಗರ. ಲ ಕಾರ್ಬುಸಿಯೇ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ಯೋಜನೆಯಂತೆ ಅಲ್ಲಿನ ಬೀದಿಗಳೆಲ್ಲ ನೇರ. ಬಡಾವಣೆಗಳಿಗೆ ಹೆಸರಿಗೆ ಬದಲು ಸಂಖ್ಯೆ. ವ್ಯಕ್ತಿಗಳ ಪ್ರತಿಮೆಗಳನ್ನು ನಿಲ್ಲಿಸಕೂಡದೆಂಬ ಕಟ್ಟಳೆಯೂ ಉಂಟು. ಇಂಥ ಶಿಸ್ತಿನ ಊರಿನ ಒಂದನೆಯ ಸೆಕ್ಟರಿನಲ್ಲಿ, ಸುಖನಾ ಸರೋವರಕ್ಕೆ ಅನತಿದೂರದಲ್ಲಿ, ನೇರ ಗೆರೆಯನ್ನೇ ಅರಿಯದ ಉದ್ಯಾನವೊಂದಿದೆ. ಅಲ್ಲಿ ಪ್ರತಿಮೆಗಳು ಸಾವಿರಾರು. ಅದೇ ರಾಕ್ ಗಾರ್ಡನ್.

ಬಾಗಿಲುಗಳು ಗಿಡ್ಡ, ತಲೆ ಬಾಗಿಸಿಯೇ ಒಳಹೋಗಬೇಕು. ದಾರಿ ಹಾವಿನಂತೆ ಹೊರಳುತ್ತದೆ. ಒಂದೆಡೆ ಧುಮ್ಮಿಕ್ಕುವ ನೀರು, ಇನ್ನೊಂದೆಡೆ ಸಿಮೆಂಟಿನಲ್ಲಿ ಮೂಡಿದ ಮರದ ಬೇರುಗಳು. ತಿರುವು ಕಳೆದೊಡನೆ ಕೋತಿಗಳ ದಂಡು, ನವಿಲುಗಳ ಹಿಂಡು, ಕೊಡ ಹೊತ್ತ ಹೆಂಗಳೆಯರ ಸಾಲು! ಬಳಿ ಸಾರಿ ನೋಡಿದರೆ ಅವುಗಳ ಮೈಯೆಲ್ಲ ಪಿಂಗಾಣಿಯ ಚೂರು, ಒಡೆದ ಬಳೆ. ಬಳೆ ಒಡೆಯಿತೆನ್ನದೆ 'ಹೆಚ್ಚಿತು' ಎನ್ನುವುದು ನಮ್ಮ ಮನೆಗಳ ವಾಡಿಕೆ. ಆ ಮಾತು ಇಲ್ಲಿ ಅಕ್ಷರಶಃ ನಿಜವಾಗಿದೆ.

ಇದನ್ನು ನಿರ್ಮಿಸಿದ ನೇಕ್ ಚಂದ್ ಅವರು ಶಿಲ್ಪಶಾಲೆಯಲ್ಲಿ ಕಲಿತವರಲ್ಲ; ರಸ್ತೆ ಕೆಲಸದ ಮೇಲ್ವಿಚಾರಕರು. ಅವರ ಹುಟ್ಟೂರು 1947ರ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿಹೋಯಿತು. ಹೊಸ ನಗರಕ್ಕಾಗಿ ಹಳ್ಳಿಗಳನ್ನು ಕೆಡವುತ್ತಿದ್ದಾಗ, ಊರು ಕಳೆದುಕೊಂಡ ಈ ಮನುಷ್ಯ ಆ ಹಳ್ಳಿಗಳ ಅವಶೇಷಗಳನ್ನು ಆಯ್ದಿಟ್ಟರು. ತೊರೆಗಳ ಪಾತ್ರದಿಂದ ಹಕ್ಕಿಯನ್ನೋ ಮೃಗವನ್ನೋ ಹೋಲುವ ಕಲ್ಲುಗಳನ್ನು ಸೈಕಲ್ಲಿನ ಮೇಲೆ ಹೊತ್ತು ತಂದರು. ಆ ಕಲ್ಲುಗಳಿಗೆ ಉಳಿಯ ಪೆಟ್ಟಿಲ್ಲ. ನೀರು ಕಡೆದ ರೂಪವನ್ನು ಗುರುತಿಸಿ ನಿಲ್ಲಿಸಿದ್ದಷ್ಟೇ ಅವರ ಕೆಲಸ. 1957ರ ಸುಮಾರಿಗೆ ಆರಂಭವಾದ ಈ ಸಾಹಸ ಸರಕಾರಿ ಕಾಡುಜಾಗದಲ್ಲಿ, ಕಚೇರಿಯ ವೇಳೆ ಮುಗಿದ ಮೇಲೆ, ಹದಿನೆಂಟು ವರ್ಷ ಗುಟ್ಟಾಗಿ ನಡೆಯಿತು.

1975ರಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಅದು ಸುಮಾರು 12 ಎಕರೆಗೆ ಹಬ್ಬಿತ್ತು. ಕಾನೂನಿನ ಪ್ರಕಾರ ಕೆಡವಬೇಕಾಗಿದ್ದ ಕಟ್ಟಡವದು. ಆದರೆ ಕಂಡವರಿಗೆ ಕೈ ಬರಲಿಲ್ಲ. 1976ರಲ್ಲಿ ಅದು ಸಾರ್ವಜನಿಕ ಉದ್ಯಾನವಾಯಿತು. ನೇಕ್ ಚಂದ್ ಅವರಿಗೆ ಸಂಬಳವೂ ಐವತ್ತು ಮಂದಿ ಕೂಲಿಯಾಳುಗಳ ನೆರವೂ ದೊರೆತವು. 1984ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು.

ಗಂಡಾಂತರ ಮಾತ್ರ ಅಲ್ಲಿಗೇ ತೀರಲಿಲ್ಲ. 1990ರ ಹೊತ್ತಿಗೆ ರಸ್ತೆಗಾಗಿ ಒಂದು ಭಾಗವನ್ನು ಕೆಡವಲು ಯಂತ್ರಗಳು ಬಂದಾಗ ನಗರದ ಜನ ಸಾಲುಗಟ್ಟಿ ಅಡ್ಡನಿಂತರು, ಯಂತ್ರಗಳು ಹಿಂದಿರುಗಿದವು. ನೇಕ್ ಚಂದ್ ಅವರು 2015ರಲ್ಲಿ ತೀರಿಕೊಂಡರು. 2025ರಲ್ಲಿ ಉಚ್ಚ ನ್ಯಾಯಾಲಯದ ಕಡೆಯ ರಸ್ತೆಯನ್ನು ಅಗಲಿಸಲು ಉದ್ಯಾನದ ಗೋಡೆಯ ಒಂದು ಭಾಗ ಉರುಳಿತು. ಪ್ರತಿಭಟನೆಗಳು ನಡೆದರೂ ಈ ಬಾರಿ ಅದನ್ನು ಉಳಿಸಿಕೊಳ್ಳಲಾಗಲಿಲ್ಲ.

ಬೇಡವೆಂದು ಎಸೆದ ವಸ್ತುಗಳಿಂದ ಈ ಉದ್ಯಾನವನ್ನು ಕಟ್ಟಲು ಒಬ್ಬರ ಛಲ ಸಾಕಾಯಿತು. ಅದನ್ನು ಉಳಿಸಲು ಒಂದಿಡೀ ಊರಿನ ಎಚ್ಚರ ಬೇಕು. ಉತ್ತರ ಭಾರತದ ಪ್ರವಾಸ ಹೊರಡುವವರು ಮಕ್ಕಳನ್ನು ಕರೆದುಕೊಂಡು ಇಲ್ಲಿ ಅರ್ಧ ದಿನವನ್ನಾದರೂ ಕಳೆಯಲಿ. ಮನೆಗೆ ಮರಳಿದ ಮೇಲೆ, ಒಡೆದ ತಟ್ಟೆಯನ್ನು ಬಿಸಾಡುವ ಮುನ್ನ ಆ ಮಕ್ಕಳು ಒಂದು ಗಳಿಗೆ ಯೋಚಿಸುವರು.