ಶಿರವಾಳದ ಬೇಸಗೆಗೊಂದು ಹಾಡು

ಚೈತ್ರಮಾಸವು ಕವಿಗಳ ಪಾಲಿಗೆ ವಸಂತವಾದರೂ ಕಲಬುರಗಿಯ ಸೀಮೆಯವರ ಪಾಲಿಗೆ ಬೇಸಗೆಯೇ ಸರಿ. ಬೇವು ಹೂ ಬಿಡುವುದಕ್ಕಾಗಲಿ ಕೋಗಿಲೆ ಕೂಗುವುದಕ್ಕಾಗಲಿ ಇಲ್ಲಿ ಅಡ್ಡಿಯೇನೂ ಇಲ್ಲ. ಆದರೆ ಆ ಕೂಗನ್ನು ಕೇಳುತ್ತ ಬಯಲಿನಲ್ಲಿ ನಿಲ್ಲುವುದಕ್ಕೆ ರಸಿಕತೆಗಿಂತ ಹೆಚ್ಚಾಗಿ ಎದೆಗಾರಿಕೆ ಬೇಕು. ಉಷ್ಣಮಾಪಕ 43, 44 ಡಿಗ್ರಿಗಳನ್ನು ಮುಟ್ಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರಕಾರವೂ ಈ ಬಿಸಿಲಿಗೆ ತಲೆಬಾಗಿ, ಈ ಭಾಗದ ಕಚೇರಿಗಳನ್ನು ಬೆಳಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಪದ್ಧತಿಯನ್ನು ಇಟ್ಟುಕೊಂಡಿದೆ. ಬೇರೆಯ ಕಡೆ ಇದನ್ನು ರಜೆಯೆಂದು ತಿಳಿದಾರು. ಇಲ್ಲಿ ಅದು ಶರಣಾಗತಿ.

ಇಂಥ ದಿನಗಳಲ್ಲಿ ಯಾದಗಿರಿಯ ನಿಲ್ದಾಣದಲ್ಲಿ ರೈಲಿಳಿದ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಗಂಟುಮೂಟೆಗಳ ರಾಶಿ. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಹಾದಿಯಿದು. ಅಂದಿನಿಂದ ಈ ನಾಡಿನ ಜನ ಹೊಟ್ಟೆಯ ಪಾಡಿಗೆ ಹೋಗುವುದೂ ಹಬ್ಬಕ್ಕೆ ಮರಳುವುದೂ ಬಹುಮಟ್ಟಿಗೆ ಇದೇ ಹಾದಿಯಲ್ಲಿ. ನಿಲ್ದಾಣದಿಂದ ಶಹಾಪುರದ ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಭೀಮೆಯ ಸೇತುವೆ. ಮಳೆಗಾಲದಲ್ಲಿ ದಂಡೆಯ ಹಳ್ಳಿಗಳನ್ನೇ ಹೆದರಿಸುವ ಹೊಳೆ ಈಗ ಬಂಡೆಗಳ ನಡುವೆ ಅಲ್ಲಲ್ಲಿ ಕನ್ನಡಿಯ ಚೂರಿನಂತೆ ಹೊಳೆಯುತ್ತದೆ. ಅದರಾಚೆಗೆ ಬಾಯಿಬಿಟ್ಟ ಕರಿಯ ಹೊಲಗಳು. ಕಾಲುವೆಯ ನೀರು ತಾಕಿದ ಕಡೆ ಕೊಯ್ದ ಬತ್ತದ ಕೂಳೆ. ಕೊನೆಗೆ, ಬುದ್ಧದೇವನು ಆಕಾಶಕ್ಕೆ ಮುಖಮಾಡಿ ಮಲಗಿರುವನೋ ಎಂಬಂತೆ ತೋರುವ ಶಹಾಪುರದ ಬೆಟ್ಟ. ಅಷ್ಟು ಬಿಸಿಲಿನಲ್ಲಿ ಅಷ್ಟು ನೆಮ್ಮದಿಯಾಗಿ ಮಲಗಬಲ್ಲವನು ಅವನೊಬ್ಬನೇ.

ಶಿರವಾಳವು ಈ ತಾಲೂಕಿನ ಹಳೆಯ ಊರುಗಳಲ್ಲೊಂದು. ಚಾಲುಕ್ಯರ ಕಾಲದ ಶಿಲ್ಪಿಗಳ ಕೈವಾಡವನ್ನು ನೆನಪಿಸುವ ಕಲ್ಲಿನ ಗುಡಿಗಳು ಇಲ್ಲಿ ಮನೆಗಳ ನೆರೆಯಲ್ಲಿಯೂ ಹೊಲಗಳ ಅಂಚಿನಲ್ಲಿಯೂ ನಿಂತಿವೆ. ಭೀಮೆಯ ಆಚೆಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾದೇವಿಯ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠದಲ್ಲಿಯೇ ಅಶೋಕಚಕ್ರವರ್ತಿಯ ಶಾಸನ ದೊರೆತ ಸಂಗತಿಯನ್ನು ವಾಚಕರು ಬಲ್ಲರು. ಅದು ಬೇರೊಂದು ಲೇಖನದ ವಸ್ತು. ಪರದೇಶದ ಪಂಡಿತರು ಸನ್ನತಿಗೆ ಬಂದುಹೋದಂತೆ ಶಿರವಾಳಕ್ಕೆ ಬರುವುದಿಲ್ಲ. ಅದರಿಂದ ಊರಿಗೆ ಬೇಸರವಾದಂತೆಯೂ ಕಾಣುವುದಿಲ್ಲ.

ನಡುಹಗಲಿನಲ್ಲಿ ಊರು ಉಸಿರು ಹಿಡಿದುಕೊಂಡಿರುತ್ತದೆ. ಪರಸಿ ಹಾಸಿದ ಕಟ್ಟೆಗಳು ಕಾದ ಹಂಚಿನಂತಾಗಿ ಅಲ್ಲಿ ಕೂರುವವರಿಲ್ಲ. ಎಮ್ಮೆಗಳು ಸಹ ನೆರಳು ಬಿಟ್ಟು ಕದಲುವುದಿಲ್ಲ. ಗುಡಿಯ ಒಳಗೆ ಮಾತ್ರ ತಂಪು; ಎಂಟುನೂರು ಒಂಬೈನೂರು ವರ್ಷಗಳ ಹಿಂದಿನ ಕಲ್ಲುಕುಟಿಗನು ಈ ಬಿಸಿಲನ್ನು ಚೆನ್ನಾಗಿ ಬಲ್ಲವನಾಗಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಂಬದ ಬುಡದಲ್ಲಿ ಇಬ್ಬರು ಮೂವರು ಹುಡುಗರು ಒಂದು ಮೊಬೈಲಿನ ಮೇಲೆ ಬಗ್ಗಿಕೊಂಡು ಕುಳಿತಿರುತ್ತಾರೆ. ಅವರ ಮುಂದಿರುವ ಸಮಸ್ಯೆ ಸಣ್ಣದಲ್ಲ: ನಾಳೆಯ ಮದುವೆಯ ಮೆರವಣಿಗೆಗೆ ಮೊದಲು ಯಾವ ಹಾಡು ಹಚ್ಚಬೇಕು?

ಪಶ್ಚಿಮದೇಶಗಳಲ್ಲಿ ‘ಬೇಸಗೆಯ ಹಾಡು’ ಎಂಬುದೊಂದು ಸಂಪ್ರದಾಯವೇ ಬೆಳೆದಿದೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಪ್ರತಿ ಬೇಸಗೆಗೂ ಅಂಥ ಹಾಡುಗಳ ಪಟ್ಟಿಯನ್ನು ಹೊರಡಿಸುತ್ತದೆ. 2017ರಲ್ಲಿ ಸ್ಪ್ಯಾನಿಷ್ ಭಾಷೆಯ ‘ಡೆಸ್ಪಾಸಿಟೊ’ ಎಂಬ ಹಾಡು ಇಂಗ್ಲಿಷ್ ಮಾತಾಡುವವರ ಆ ನಾಡಿನಲ್ಲಿ 16 ವಾರ ಮೊದಲ ಸ್ಥಾನವನ್ನು ಬಿಟ್ಟು ಇಳಿಯಲಿಲ್ಲ. ಕಡಲದಂಡೆ, ರಜೆ, ಐಸ್‌ಕ್ರೀಮು, ಹೊಸ ಪ್ರೇಮ, ಇಷ್ಟೂ ಆ ಹಾಡುಗಳ ಸಾಮಗ್ರಿ. ಅದು ಸಹಜವೇ. ಅವರ ಪಾಲಿಗೆ ಬಿಸಿಲು ವರ್ಷಕ್ಕೊಮ್ಮೆ ಬಂದುಹೋಗುವ ಬೀಗ. ಶಿರವಾಳದವರ ಪಾಲಿಗೆ ಮನೆಯಳಿಯ. ಬೀಗನಿಗೆ ಹಾಡು ಹೇಳಿ ಸ್ವಾಗತಿಸಬಹುದು. ಮನೆಯಳಿಯನಿಗೆ ಯಾರು ಹಾಡು ಹೇಳುತ್ತಾರೆ?

ಹಾಗೆಂದು ಗ್ರೀಷ್ಮವು ನಮ್ಮ ಕವಿಗಳ ಅನಾದರಕ್ಕೆ ಪಾತ್ರವಾದ ಋತುವೇನಲ್ಲ. ಕಾಳಿದಾಸನ ‘ಋತುಸಂಹಾರ’ ಮೊದಲಾಗುವುದೇ ಗ್ರೀಷ್ಮದಿಂದ. ಬೇಸಗೆಯ ಸೊಗಸೆಲ್ಲ ಹಗಲು ಮುಗಿಯುವ ಹೊತ್ತಿನಲ್ಲಿದೆಯೆಂಬ ಗುಟ್ಟು ಆತನಿಗೆ ತಿಳಿದಿತ್ತು. ಹಿಂದುಸ್ತಾನಿ ಸಂಗೀತದವರು ನಡುಹಗಲಿಗೆಂದು ಸಾರಂಗ ರಾಗದ ಪ್ರಕಾರಗಳನ್ನು ಮೀಸಲಿಟ್ಟಿದ್ದಾರೆ. ಆದರೆ ಶಿರವಾಳದ ನಡುಹಗಲಿನಲ್ಲಿ ಸಾರಂಗವನ್ನು ಹಾಡುವುದಕ್ಕೂ ಗಂಟಲು ತೋಯಿಸಲು ಒಂದು ಹರವಿ ನೀರು ಬೇಕಾದೀತು. ಇಲ್ಲಿಯ ಜನ ಕಾಳಿದಾಸನ ಪಕ್ಷದವರು. ಹೊತ್ತು ಮುಳುಗಿ, ಮಾಳಿಗೆಗೆ ನೀರು ಚಿಮುಕಿಸಿ, ಚಾಪೆ ಹಾಸಿ, ರೊಟ್ಟಿಯೂ ಶೇಂಗಾದ ಹಿಂಡಿಯೂ ಮಜ್ಜಿಗೆಯೂ ಒಳಗೆ ಹೋದ ಮೇಲೆಯೇ ಊರಿಗೆ ದನಿ ಬರುವುದು.

ಆ ದನಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಹಿಟ್ಟಿನ ಗಿರಣಿ ಬರುವ ಮುನ್ನ, ನಸುಕಿನ ತಂಪಿನಲ್ಲಿ ಬೀಸುವ ಕಲ್ಲಿನ ಮುಂದೆ ಹೆಂಗಸರು ಹೇಳುತ್ತಿದ್ದ ಪದಗಳೇ ದಿನದ ಮೊದಲ ಹಾಡು. ರಾತ್ರಿ ಬಯಲಿನಲ್ಲಿ ಗೀಗೀ ಮೇಳಗಳು ಸೇರಿದರೆ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳ ವಾದ. ಗಂಡು ಹೆಚ್ಚೆಂದು ಒಂದು ಕಡೆಯವರು, ಹೆಣ್ಣು ಹೆಚ್ಚೆಂದು ಇನ್ನೊಂದು ಕಡೆಯವರು ಡಪ್ಪು, ತುಂತುಣಿ, ತಾಳಗಳೊಡನೆ ಸವಾಲು ಜವಾಬು ನಡೆಸಿ ಬೆಳಗು ಮಾಡುತ್ತಿದ್ದರು. ಯಾವ ಹಾಡು ಉತ್ತಮವೆಂಬುದನ್ನು ಪತ್ರಿಕೆಯ ಪಟ್ಟಿ ಹೇಳಬೇಕಾಗಿರಲಿಲ್ಲ. ಸೋತ ಮೇಳದ ಮುಖವೇ ಹೇಳುತ್ತಿತ್ತು. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಹಿಡಿದು ಕೂತ ಭಜನೆಯವರಿಗೆ ಈ ವಾದದ ಗೊಡವೆಯಿಲ್ಲ. ಏಕತಾರಿ ಶ್ರುತಿ ಹಿಡಿದಿದ್ದರೆ ಅವರಿಗೆ ಋತುಭೇದವೂ ಇಲ್ಲ.

ಇಲ್ಲೊಂದು ವಿಚಿತ್ರವನ್ನು ಹೇಳಬೇಕು. ಮೊಹರಮ್ಮಿನ ರಿವಾಯತ್ ಪದಗಳು ಈ ಸೀಮೆಯಲ್ಲಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರ ಬಾಯಲ್ಲಿಯೂ ಇರುವಂಥವು. ಹಬ್ಬವು ಚಂದ್ರಮಾನದ ಲೆಕ್ಕದಲ್ಲಿ ವರ್ಷವೂ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 1964ರ ಮೇ ತಿಂಗಳಲ್ಲಿ ಅದು ಬಂದಿತ್ತು. ಮತ್ತೆ 1997ರ ಮೇ ತಿಂಗಳಲ್ಲಿ ಬಂದಿತು. ಅಂಥ ವರ್ಷಗಳಲ್ಲಿ ಬೇಸಗೆಯ ಹಾಡು ಯಾವುದೆಂಬ ಪ್ರಶ್ನೆಯೇ ಏಳುವುದಿಲ್ಲ. ಕೆಂಡದ ಮುಂದೆ ಹೆಜ್ಜೆಹಾಕುತ್ತ, ಕರ್ಬಲದ ಬಾಯಾರಿಕೆಯ ಕತೆಯನ್ನು ಹಾಡುವವರ ಗಂಟಲೂ ಒಣಗಿಯೇ ಇರುತ್ತದೆ. ಕತೆಯೂ ಕಾಲವೂ ಅಷ್ಟು ಹೊಂದಿಕೊಳ್ಳುವುದು ಮನುಷ್ಯನ ಆಯುಷ್ಯದಲ್ಲಿ ಎರಡು ಮೂರು ಸಲ ಮಾತ್ರ.

ಆಮೇಲೆ ಬಂದದ್ದು ರೇಡಿಯೋ. 1948ರವರೆಗೆ ಈ ನಾಡು ನಿಜಾಮರ ಸಂಸ್ಥಾನಕ್ಕೆ ಸೇರಿದ್ದುದರಿಂದ ಉರ್ದುವಿನ ಇಂಪು ಇಲ್ಲಿಯ ಕಿವಿಗೆ ಹೊಸದಾಗಿರಲಿಲ್ಲ. 1950ರಲ್ಲಿ ಧಾರವಾಡದ ಕೇಂದ್ರ ದನಿ ತೆಗೆಯಿತು. 1952ರಲ್ಲಿ ದೆಹಲಿಯ ಆಕಾಶವಾಣಿ ಚಿತ್ರಗೀತೆಗಳಿಗೆ ಮುಖ ಸಿಂಡರಿಸಿಕೊಂಡಾಗ, ದೇಶದ ಕಿವಿಗಳೆಲ್ಲ ಸಮುದ್ರದಾಚೆಯ ರೇಡಿಯೋ ಸಿಲೋನಿನ ಕಡೆ ತಿರುಗಿದವು. ಅದೇ ವರ್ಷ ಆರಂಭವಾದ ಬಿನಾಕಾ ಗೀತಮಾಲೆಯಲ್ಲಿ ಅಮೀನ್ ಸಯಾನಿಯವರು ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋಗಿ, ವರ್ಷದ ಕೊನೆಗೆ ಒಂದಕ್ಕೆ ಪಟ್ಟ ಕಟ್ಟುತ್ತಿದ್ದರು. 2024ರಲ್ಲಿ ಆ ಕಂಠ ಶಾಶ್ವತವಾಗಿ ನಿಂತಾಗ, ಕೇಳುಗರ ಒಂದು ತಲೆಮಾರೇ ತನ್ನ ಬುಧವಾರದ ರಾತ್ರಿಗಳನ್ನು ನೆನೆಯಿತು. 1966ರಲ್ಲಿ ಕಲಬುರಗಿಗೇ ಆಕಾಶವಾಣಿ ಬಂದಮೇಲೆ ತಮ್ಮ ಮಾತಿನ ಧಾಟಿಯನ್ನೇ ಪೆಟ್ಟಿಗೆಯೊಳಗಿಂದ ಕೇಳುವ ಭಾಗ್ಯ ಇಲ್ಲಿಯವರಿಗೆ ಲಭಿಸಿತು. ಹೀಗಾಗಿ ಇಲ್ಲಿಯ ಹಳ್ಳಿಯ ಮುದುಕನೊಬ್ಬ ಲತಾಬಾಯಿಯ ಹಾಡನ್ನೂ ಲಾವಣಿಯನ್ನೂ ತತ್ವಪದವನ್ನೂ ಒಂದೇ ಉಸಿರಿನಲ್ಲಿ ಗುನುಗಿದರೆ ಅದರಲ್ಲಿ ಬೆರಗಿಲ್ಲ.

ಮದುವೆಯ ಹಂದರದಲ್ಲಿ ಮಾತ್ರ ಬಹುಕಾಲ ಸನಾದಿಯದೇ ರಾಜ್ಯ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ ‘ಸನಾದಿ ಅಪ್ಪಣ್ಣ’ ಚಿತ್ರವು 1977ರಲ್ಲಿ ತೆರೆಗೆ ಬಂದಾಗ, ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದರು. ರಾಜಕುಮಾರರು ಅಪ್ಪಣ್ಣನಾಗಿ ಅಭಿನಯಿಸಿದರು. ಹಂದರದ ಮೂಲೆಯಲ್ಲಿ ಎಲ್ಲರ ಉಣಿಸು ಮುಗಿದ ಮೇಲೆ ಉಣ್ಣುತ್ತಿದ್ದ ವಾದ್ಯಗಾರನನ್ನು ಕತೆಯ ನಾಯಕನನ್ನಾಗಿ ನಿಲ್ಲಿಸಿದ ಆ ಚಿತ್ರ ಉತ್ತರ ಕರ್ನಾಟಕದ ಮದುವೆಮನೆಗಳಿಗೆ ಸಲ್ಲಬೇಕಾದ ಗೌರವವೇ ಆಗಿತ್ತು.

ಈಗ ಸನಾದಿಯ ಸ್ಥಾನದಲ್ಲಿ ಟ್ರ್ಯಾಕ್ಟರು ನಿಂತಿದೆ. ಟ್ರಾಲಿಯ ಮೇಲೆ ಆಳೆತ್ತರದ ಧ್ವನಿಪೆಟ್ಟಿಗೆಗಳು, ಬಣ್ಣದ ದೀಪಗಳು. ಅದರ ಹೆಸರು ಡಿಜೆ. ಅದರಿಂದ ಹೊರಡುವ ‘ಜಾನಪದ’ ಗೀತೆಗಳು ಅಜ್ಜಿಯರ ಜಾನಪದವಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ತರುಣರು ತಾವೇ ಕಟ್ಟಿ, ತಾವೇ ಹಾಡಿ, ಮೊಬೈಲಿನ ಮೂಲಕ ಊರೂರಿಗೆ ಮುಟ್ಟಿಸುವ ಹೊಸ ಹಾಡುಗಳವು. ಲಾರಿಯ ಡ್ರೈವರನೂ ಕೈಕೊಟ್ಟ ಹುಡುಗಿಯೂ ಸೋದರಮಾವನ ಮಗಳೂ ಅವುಗಳ ನಾಯಕ ನಾಯಿಕೆಯರು. ಪಂಡಿತರು ಇದನ್ನು ಕೇಳಿ ಕಿವಿ ಮುಚ್ಚಿಕೊಳ್ಳುವುದುಂಟು. ಸದ್ದಿನ ವಿಷಯದಲ್ಲಿ ಅವರ ಪಕ್ಷವೇ ಸರಿ. ಮಾಳಿಗೆಯ ಮಣ್ಣು ಉದುರುವಷ್ಟು ಸದ್ದು ಯಾವ ರಸಕ್ಕೂ ಬೇಕಿಲ್ಲ. ಆದರೆ ಡ್ರೈವರನು ಹಾಡಿನ ನಾಯಕನಾಗುವುದಕ್ಕೆ ಇಷ್ಟು ಕಾಲ ಹಿಡಿದದ್ದೇ ಅನ್ಯಾಯವೆಂದು ಹುಡುಗರು ವಾದಿಸಿದರೆ ಉತ್ತರ ಕೊಡುವುದು ಕಷ್ಟ.

ಗುಡಿಯ ಕಂಬದ ಬಳಿಯ ಸಮಾಲೋಚನೆ ಇಷ್ಟು ಗಂಭೀರವಾಗುವುದಕ್ಕೆ ಕಾರಣವುಂಟು. ಈ ಸೀಮೆಯಿಂದ ವರ್ಷವೂ ಸಾವಿರಾರು ಮಂದಿ ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಏಳುವ ಬಹುಮಹಡಿ ಕಟ್ಟಡಗಳಿಗೆ ಕಲ್ಲು, ಮರಳು, ಸಿಮೆಂಟು ಹೊರುವ ಕೈಗಳಲ್ಲಿ ಯಾದಗಿರಿಯ ಕೈಗಳು ಕಡಿಮೆಯಲ್ಲ. ಅವರೆಲ್ಲ ಯುಗಾದಿಗೋ ಜಾತ್ರೆಗೋ ಮದುವೆಗೋ ಊರಿಗೆ ಬರುವುದು ಬೇಸಗೆಯಲ್ಲಿ. ಅಣ್ಣತಮ್ಮಂದಿರು ಒಂದೇ ಹಂದರದ ಕೆಳಗೆ ಸೇರುವುದು ವರ್ಷಕ್ಕೆ ಎಂಟು ಹತ್ತು ದಿನ. ಆ ದಿನಗಳಲ್ಲಿ ಕುಣಿದ ಹಾಡೇ ಉಳಿದ ವರ್ಷಕ್ಕೆ ಊರು. ಹಾಡಿನ ಆಯ್ಕೆ ತಪ್ಪಿದರೆ, ಹನ್ನೆರಡನೆಯ ಮಹಡಿಯ ಮೇಲೆ ನೆನೆಯುವುದಕ್ಕೆ ಏನೂ ಇರುವುದಿಲ್ಲ.

ಯಾವ ಮದುವೆಮನೆಗಾದರೂ ಹೋಗಿ ನೋಡಬಹುದು. ಜಗಳ ಇದ್ದೇ ಇರುತ್ತದೆ. ಸುರಗಿ ಸುತ್ತಿ ಮದುಮಕ್ಕಳಿಗೆ ನೀರೆರೆಯುವ ಹೊತ್ತಿಗೆ ಮುದುಕಿಯರು ಪದ ಎತ್ತಿರುತ್ತಾರೆ. ಅದೇ ಹೊತ್ತಿಗೆ ಹೊರಗೆ ಡಿಜೆ ಗುಡುಗುತ್ತದೆ.

“ಏ ತಮ್ಮಾ, ಅದಕ್ಕೊಂದೀಟು ಬಾಯಿ ಮುಚ್ಚು ಅನ್ನು. ಸುರಗಿ ಪದ ಮುಗೀಲಿ, ಆಮ್ಯಾಲ ನಿಂದು ಹಚ್ಚು” ಎನ್ನುತ್ತಾಳೆ ಅಜ್ಜಿ.

“ಆಯಿ, ಬಾಡಿಗಿ ಕೊಟ್ಟು ತಂದೀವಿ. ನಿನ್ನ ಪದ ನಾಳಿಗೂ ಇರ್ತದ” ಎನ್ನುತ್ತಾನೆ ಮೊಮ್ಮಗ.

ನಾಳೆಗೂ ಇರುತ್ತದೆಂಬ ಮಾತಿಗೆ ಅಜ್ಜಿ ಉತ್ತರ ಕೊಡುವುದಿಲ್ಲ. ಪದ ಬಲ್ಲ ಮುದುಕಿಯರು ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬ ಲೆಕ್ಕ ಅವಳಿಗೆ ಗೊತ್ತು.

ಈ ವ್ಯಾಜ್ಯವನ್ನು ಕೊನೆಗೆ ತೀರ್ಮಾನಿಸುವುದು ಕಾನೂನು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಧ್ವನಿವರ್ಧಕ ಕೂಗುವಂತಿಲ್ಲ. ಹಳ್ಳಿಗಳಲ್ಲಿ ನಿಯಮದ ಗಡಿಯಾರ ಕೊಂಚ ನಿಧಾನವಾಗಿ ನಡೆಯುವುದುಂಟು. ಅಂತೂ ಯಾರೋ ಹಿರಿಯರು ಗದರಿಸಿದ ಮೇಲೆ ಟ್ರ್ಯಾಕ್ಟರು ಮೌನವಾಗುತ್ತದೆ. ಆಗ ಕಿವಿಗೆ ಮೊದಲು ಕೇಳಿಬರುವುದು ಬೇವಿನ ಮರದ ಗಾಳಿ. ಬಳಿಕ ಮಾಳಿಗೆಯ ಮೇಲೆ ಮಲಗಿದ ಬೀಗರ ಮಾತು. ಸ್ವಲ್ಪ ಹೊತ್ತಿಗೆ ಒಳಗೆಲ್ಲೋ ಮುದುಕಿಯೊಬ್ಬಳು ನಿಂತ ಪದವನ್ನು ನಿಂತಲ್ಲಿಂದಲೇ ಮತ್ತೆ ಎತ್ತುತ್ತಾಳೆ. ಸಣ್ಣ ದನಿ, ಆದರೆ ಬೇಸಗೆಯ ರಾತ್ರಿಯಲ್ಲಿ ಅದು ಮಾಳಿಗೆಯಿಂದ ಮಾಳಿಗೆಗೆ ಸಾಗಬಲ್ಲದು. ಒಬ್ಬಿಬ್ಬರು ದನಿಗೂಡಿಸುತ್ತಾರೆ. ಬಾಡಿಗೆಯ ಲೆಕ್ಕ ಹೇಳಿದ ಮೊಮ್ಮಗನೂ ಎದ್ದು ಬಂದು, ತಲೆಬಾಗಿಲಿಗೆ ಒರಗಿ, ಮೊಬೈಲನ್ನು ಅವಳ ಮುಂದೆ ಹಿಡಿಯುತ್ತಾನೆ.

“ಇದ್ರಾಗ ನನ್ನ ದನಿ ಹಿಡೀತದೇನಪ್ಪ?”

“ಹಿಡೀತದ ಆಯಿ. ನೀ ಹಾಡು.”

ಮದುವೆ ಮುಗಿದ ನಾಲ್ಕನೆಯ ದಿನವೋ ಐದನೆಯ ದಿನವೋ ಹಂದರ ಬಿಚ್ಚುತ್ತಾರೆ. ಸಂಜೆ ಶಹಾಪುರದ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗಾಗಿ ಗಂಟುಮೂಟೆಗಳು ಮತ್ತೆ ರಾಶಿಯಾಗುತ್ತವೆ: ರೊಟ್ಟಿಯ ಕಟ್ಟು, ಹಿಂಡಿಯ ಡಬ್ಬಿ, ಜೋಳದ ಚೀಲ, ಎಳೆಯ ಕೂಸು. ಬಸ್ಸು ಸುರಪುರವನ್ನು ದಾಟಿ ತಿಂಥಣಿಯ ಬಳಿ ಕೃಷ್ಣೆಯ ಸೇತುವೆಗೆ ಬಂದಾಗ, ಎಚ್ಚರವಿದ್ದವರು ಮೌನೇಶ್ವರನ ಗುಡಿಯಿರುವ ದಿಕ್ಕಿಗೆ ಕೈಮುಗಿಯುತ್ತಾರೆ. ಡ್ರೈವರನ ಪೆಟ್ಟಿಗೆಯಲ್ಲಿ ಡ್ರೈವರನದೇ ಹಾಡು. ಹಿಂದಿನ ಸಾಲಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕುಳಿತ ಹುಡುಗನು ಕೇಳುತ್ತಿರುವುದು ಯಾವುದನ್ನೆಂಬುದು ಹೊರಗಿನವರಿಗೆ ತಿಳಿಯುವಂತಿಲ್ಲ. ಅವನ ಕಾಲು ಮಾತ್ರ, ಬಸ್ಸಿನ ಹಾಡಿಗೆ ಹೊಂದದ ಬೇರೊಂದು ತಾಳವನ್ನು ನಿಧಾನವಾಗಿ ಹಾಕುತ್ತಿರುತ್ತದೆ.