ಜಿಂಕೆಯ ಲೆಕ್ಕ, ನಮ್ಮ ಋಣ

ಮೈಸೂರಿನ ಅಶೋಕಪುರಂನಲ್ಲಿರುವ ನಮ್ಮ ಮನೆಗೆ ಪ್ರತಿವರ್ಷ ಹುರುಳಿ ತಂದುಕೊಡುವ ಗುಂಡ್ಲುಪೇಟೆ ಕಡೆಯ ರೈತರೊಬ್ಬರು ಈ ಬಾರಿ ಬರಿಗೈಯಲ್ಲಿ ಬಂದರು. ಬಂಡೀಪುರದಂಚಿನ ಅವರ ಹೊಲವನ್ನು ಜಿಂಕೆಗಳು ಮೇಯ್ದಿದ್ದವು. “ಸ್ವಾಮಿ, ಮಹಾರಾಜರ ಕಾಲದಂತೆ ಬೇಟೆಗೆ ಬಿಟ್ಟರೆ ಜಿಂಕೆಯೂ ಕಡಿಮೆಯಾಗುತ್ತವೆ, ಕಾಡೂ ಉಳಿಯುತ್ತದೆ” ಎಂದರು.

ಜಿಂಕೆ ಮಿತಿಮೀರಿದರೆ ಎಳೆಯ ಗಿಡಗಳು ಉಳಿಯವೆಂಬುದು ಹೊರದೇಶಗಳ ಬೇಟೆಗಾರರ ವಾದವೂ ಹೌದು. ಹಿಂಸ್ರಪ್ರಾಣಿಗಳು ಅಳಿದ ಕಾಡುಗಳಲ್ಲಿ ಅದು ದಿಟವೇ. ಆದರೆ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಆ ಲೆಕ್ಕವನ್ನು ನೋಡಿಕೊಳ್ಳುತ್ತಿವೆ. ಅಲ್ಲಿ ಹುಲ್ಲನ್ನು ಅಡಗಿಸುತ್ತಿರುವುದು ದಟ್ಟವಾಗಿ ಹಬ್ಬಿದ ಲಂಟಾನ. ಅದಕ್ಕೆ ಕೋವಿ ಮದ್ದಲ್ಲ.

ಬೇಟೆಯು ಸಂಕಲ್ಪೀ ಹಿಂಸೆ. ಶ್ರಾವಕನಿಗೆ ಸರ್ವಥಾ ತ್ಯಾಜ್ಯ. ಜಿಂಕೆಯು ಶಾಂತಿನಾಥ ತೀರ್ಥಂಕರರ ಲಾಂಛನ. ನಮ್ಮ ಬಡಾವಣೆ ಹೆಸರು ಹೊತ್ತಿರುವ ಅಶೋಕ, ಚಂದ್ರಗುಪ್ತನ ಮೊಮ್ಮಗ. ತನ್ನ ಅಡುಗೆಮನೆಗಾಗಿ ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ ಸಾಯುತ್ತಿವೆ, ಮುಂದೆ ಅದೂ ನಿಲ್ಲುವುದು ಎಂದು ಮೊದಲನೆಯ ಬಂಡೆಶಾಸನದಲ್ಲಿ ಸಾರಿದವನು.

ಇಷ್ಟನ್ನೂ ರೈತರಿಗೆ ಹೇಳಿದೆ. “ನಿಮ್ಮ ಧರ್ಮ ಸರಿ ಸ್ವಾಮಿ. ಅದರ ಖರ್ಚು ಮಾತ್ರ ನನ್ನ ಹೊಲದ್ದಲ್ಲವೇ?” ಎಂದರು. ನಾನು ನಿರುತ್ತರನಾದೆ.

ನಮ್ಮ ಅಹಿಂಸೆಯ ಬೆಲೆಯನ್ನು ಇನ್ನೊಬ್ಬರು ತೆರುತ್ತಿರುವವರೆಗೆ ಅದು ಅಪೂರ್ಣ. ಹುರುಳಿಗೆಂದು ತೆಗೆದಿಟ್ಟ ಹಣವನ್ನು ಬೇಲಿಗಾಗಲೆಂದು ಅವರ ಕೈಗಿತ್ತೆ. ಬಸದಿಗಳ ಟ್ರಸ್ಟುಗಳು ಜೀವದಯೆಯ ನಿಧಿಯಲ್ಲಿ ಒಂದಂಶವನ್ನು ಕಾಡಂಚಿನ ಹೊಲಗಳ ಬೇಲಿಗೆ ಮೀಸಲಿಡಬೇಕೆಂದು ನನ್ನ ವಿನಮ್ರ ವಿನಂತಿ.