ದಪ್ಪ ಗೆರೆ, ತೆಳು ಗೆರೆ

ಎರಡು ಲಿಪಿಗಳಲ್ಲಿ ಅಕ್ಷರ ಕಲಿತ ನಮಗೆ ಗೆರೆಯ ಮರ್ಮ ಚಿಕ್ಕಂದಿನಲ್ಲೇ ಸ್ವಲ್ಪ ತಿಳಿದಿತ್ತು. ಉರ್ದು ಶಾಲೆಯಲ್ಲಿ ಬಿದಿರಿನ ಕಲಮನ್ನು ಓರೆಯಾಗಿ ಕತ್ತರಿಸಿ, ಮಸಿಯಲ್ಲಿ ಅದ್ದಿ ಎಳೆದರೆ ಒಂದೇ ಅಕ್ಷರ ಒಂದೆಡೆ ಮೈತುಂಬಿಕೊಂಡು ಇನ್ನೊಂದೆಡೆ ಎಳೆಯಾಗಿ ಇಳಿಯುತ್ತಿತ್ತು. ಕನ್ನಡದ ಗುಂಡು ಅಕ್ಷರಗಳ ಸ್ವಭಾವ ಬೇರೆ. ತಾಳೆಗರಿಯ ಮೇಲೆ ಕಂಟ ಕೊರೆಯುತ್ತಿದ್ದ ಗೆರೆ ಉದ್ದಕ್ಕೂ ಒಂದೇ ಸಮ. ಹೀಗಾಗಿ ರೋಮನ್ ಲಿಪಿಯ ‘ಬೊಡೋನಿ’ ಅಕ್ಷರಗಳನ್ನು ಕಂಡಾಗ ಅವು ನಮ್ಮ ಕಲಮಿನ ದೂರದ ನೆಂಟರಂತೆಯೇ ಕಂಡವು.

ಜಿಯಾಂಬತಿಸ್ತಾ ಬೊಡೋನಿ (1740–1813) ಇಟಲಿಯ ಸಲುಝೋ ಊರಿನ ಮುದ್ರಕನೊಬ್ಬನ ಮಗ. ರೋಮಿನಲ್ಲಿ ಪೂರ್ವದೇಶಗಳ ಲಿಪಿಗಳ ಅಚ್ಚುಮೊಳೆಗಳೊಡನೆ ಪಳಗಿದ ಈತ 1768ರಲ್ಲಿ ಪಾರ್ಮಾದ ದೊರೆಯ ಮುದ್ರಣಾಲಯದ ಹೊಣೆ ಹೊತ್ತ. ಇಂಗ್ಲೆಂಡಿನ ಬಾಸ್ಕರ್‌ವಿಲ್, ಫ್ರಾನ್ಸಿನ ದಿದೋ ಮನೆತನದವರ ಕೆಲಸ ನೋಡಿ ತನ್ನದೇ ದಾರಿ ಹಿಡಿದ. ಅವನ ‘ಎ’ ಅಕ್ಷರವನ್ನು ನೋಡಿ: ಎಡಗಾಲು ಕೂದಲೆಳೆ, ಬಲಗಾಲು ಕಂಬ. ‘ಓ’ ಅಕ್ಷರದ ಎರಡು ಪಕ್ಕಗಳು ದಪ್ಪ, ನೆತ್ತಿ ಮತ್ತು ಬುಡ ತೀರ ತೆಳು. ಅಕ್ಷರದ ಕಾಲಡಿಯ ಅಡ್ಡಗೆರೆಯೂ ಅಷ್ಟೇ ನವಿರು. ನುಣುಪಾದ ಕಾಗದ, ಒಳ್ಳೆಯ ಮಸಿ, ಸುತ್ತಲೂ ಧಾರಾಳ ಬಿಳಿ ಜಾಗ ಸಿಕ್ಕಿದರೆ ಇದರ ಗತ್ತೇ ಗತ್ತು. ‘ವೋಗ್’ ಪತ್ರಿಕೆಯ ಮುಖಪುಟದ ಹೆಸರು ಈ ವಂಶದ್ದೇ. ಪುಸ್ತಕದ ಶೀರ್ಷಿಕೆ, ಅತ್ತರಿನ ಪೆಟ್ಟಿಗೆ, ನಾಟಕದ ಭಿತ್ತಿಪತ್ರಗಳಿಗೂ ಇದು ಒಪ್ಪುತ್ತದೆ.

ಆದರೆ ಇದೇ ಅಕ್ಷರವನ್ನು ತೀರ ಕಿರಿದಾಗಿಸಿದರೆ ತೆಳು ಗೆರೆಗಳು ಮಾಯವಾಗಿ ಬರೀ ಕಂಬಗಳು ಉಳಿಯುತ್ತವೆ. ನಮ್ಮ ಬಳಗದ ಮದುವೆಯೊಂದಕ್ಕೆ ಇಂಥ ಅಕ್ಷರದ ಇಂಗ್ಲಿಷ್ ಕಾರ್ಡು ಬಂದಿತ್ತು. ಮಿರುಗುವ ಕಾಗದ, ಚಿನ್ನದ ಬಣ್ಣ. ಮಾಮು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಕೊನೆಗೆ ಮೊಮ್ಮಗನನ್ನು ಕರೆದು, “ಬೇಟಾ, ಊಟ ಎಷ್ಟು ಗಂಟೆಗೆ ಅಂತ ಇದೆ ನೋಡು” ಅಂದರು. ನಾವೆಲ್ಲ ನಕ್ಕೆವು. ಆದರೆ ಅವರು ಐವತ್ತು ವರ್ಷ ಪತ್ರಿಕೆ ಓದಿದವರು. ತಮ್ಮನ್ನು ಕರೆದ ಕಾಗದವನ್ನೇ ಇನ್ನೊಬ್ಬರ ಕಣ್ಣಿನಿಂದ ಓದಿಸಿಕೊಳ್ಳಬೇಕಾದದ್ದು ಅವರಿಗೆ ನಗುವ ವಿಷಯವಾಗಿರಲಿಲ್ಲ.

ಈ ತಪ್ಪನ್ನು ಬೊಡೋನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆತ ಒಂದೊಂದು ಅಳತೆಯ ಮೊಳೆಗೂ ಬೇರೆಯಾಗಿ ಅಚ್ಚು ಕೊರೆದವನು. ಆತ ತೀರಿಕೊಂಡ ಮೇಲೆ, 1818ರಲ್ಲಿ, ಆತನ ಮಡದಿ ಮಾರ್ಗರಿಟಾ ಎರಡು ಸಂಪುಟಗಳಲ್ಲಿ ಹೊರತಂದ ‘ಮಾನುವಾಲೆ ತಿಪೋಗ್ರಾಫಿಕೋ’ ಆ ದುಡಿಮೆಗೆ ಸಾಕ್ಷಿ. ಒಂದೇ ಚಿತ್ರವನ್ನು ಬೇಕಾದಷ್ಟು ಹಿಗ್ಗಿಸುವ, ಕುಗ್ಗಿಸುವ ಅನುಕೂಲ ಬಂದ ಮೇಲೆ ಈ ಎಚ್ಚರ ಸಡಿಲವಾಯಿತು. 1994ರಲ್ಲಿ ಐಟಿಸಿ ಅಕ್ಷರ ಸಂಸ್ಥೆ 6, 12, 72 ಪಾಯಿಂಟುಗಳಿಗೆಂದು ಮೂರು ಬಗೆಯ ಬೊಡೋನಿ ಮಾಡಿಸಿದಾಗ ಹಳೆಯ ವಿವೇಕ ಮರಳಿತು. ಅದರಲ್ಲಿ ಚಿಕ್ಕ ಅಕ್ಷರದ ತೆಳು ಗೆರೆಗೆ ಕೊಂಚ ಹೆಚ್ಚು ಮಾಂಸ.

ಕಾರ್ಡು ಮಾಡಿಸುವವರು ವಧೂವರರ ಹೆಸರನ್ನು ಬೊಡೋನಿಯಲ್ಲೇ ದೊಡ್ಡದಾಗಿ ಹಾಕಿಸಲಿ, ಚೆಂದ ಕಾಣುತ್ತದೆ. ವಿಳಾಸವನ್ನೂ ಊಟದ ಹೊತ್ತನ್ನೂ ಹಾಕಿಸುವ ಮುನ್ನ ಮಾತ್ರ ಮನೆಯ ಹಿರಿಯರ ಕೈಗೆ ಒಮ್ಮೆ ಕೊಟ್ಟು ನೋಡಲಿ.